ಮುಶಿಗೇರಿಯ ಹೆಂಗಸರ ಕಣ್ಣಿನ ಯಾದಿ

ನರಗುಂದದ ಧರ್ಮಶಾಲೆಯಲ್ಲಿ ವ್ಯಾಪಾರಸ್ಥರು ಸೇರಿ ನಡೆಸಿದ ಕಣ್ಣಿನ ಶಿಬಿರ ಅಂದು ಮುಗಿಯುವುದಿತ್ತು. ಉದ್ದನೆಯ ಪಡಸಾಲೆಯಲ್ಲಿ ಚಾಪೆಗಳ ಮೇಲೆ ಸಾಲಾಗಿ ಮಲಗಿದ್ದವರಿಗೆ ನಾನು ಗಂಜಿ ಕುಡಿಸುತ್ತಿದ್ದೆ. ಎಲ್ಲರ ಕಣ್ಣಿಗೂ ಪಟ್ಟಿ. ತಲೆ ಅಲುಗಾಡಬಾರದೆಂದು ಎರಡೂ ಕಿವಿಗಳ ಪಕ್ಕಕ್ಕೆ ಉಸುಕಿನ ಚೀಲ. ಪೊರೆ ತೆಗೆಸಿಕೊಂಡವರು ಆಗೆಲ್ಲ ದಿನಗಟ್ಟಲೆ ಹಾಗೆ ಅಂಗಾತ ಮಲಗಿರಬೇಕಿತ್ತು. ಕೆಮ್ಮುವಂತಿಲ್ಲ, ಮಗ್ಗುಲಾಗುವಂತಿಲ್ಲ. ಒಬ್ಬ ಅಜ್ಜನಿಗೆ ಸೀನು ಬಂದರೆ ಇಡೀ ಪಡಸಾಲೆ ಗಾಬರಿಯಾಗುತ್ತಿತ್ತು.

ಕಣ್ಣಿನ ಡಾಕ್ಟರು ಆ ತುದಿಯಿಂದ ಈ ತುದಿಗೆ ಒಮ್ಮೆ ನಡೆದು ಬಂದು ನನ್ನ ಹತ್ತಿರ ನಿಂತರು. ಅವರು ದೂರದ ದೊಡ್ಡ ದವಾಖಾನೆಯಿಂದ ಬಂದವರು. ನಾನು ಗಜೇಂದ್ರಗಡದ ಸಣ್ಣ ದವಾಖಾನೆಯ ನರ್ಸು, ಹತ್ತು ದಿನದ ಮಟ್ಟಿಗೆ ಅವರ ಕೈಕೆಳಗೆ ಕಳಿಸಲ್ಪಟ್ಟವಳು.

"ಸಿಸ್ಟರ್, ನಿಮ್ಮ ಕಡೆ ಹೆಂಗಸರ ಕಣ್ಣಿಗೆ ಪೊರಿ ಬರೋದಿಲ್ಲೇನು?"

"ಬರತೈತ್ರಿ, ಸರ್."

"ಮತ್ತ ಎಲ್ಲಿದ್ದಾರ ಅವರು?"

ನಾನು ತಿರುಗಿ ನೋಡಿದೆ. ಅಷ್ಟು ಜನರಲ್ಲಿ ಹೆಂಗಸರು ಇಬ್ಬರೇ. ಒಬ್ಬಳು ಶಿಬಿರಕ್ಕೆ ಅಕ್ಕಿ ಕೊಟ್ಟ ವ್ಯಾಪಾರಿಯ ತಾಯಿ, ಇನ್ನೊಬ್ಬಳು ಅವರ ಪಕ್ಕದ ಮನೆಯವಳು.

"ಅವರು ಬರೂದಿಲ್ರಿ. ಕತ್ತರಿಗೆ ಹೆದರತಾರ" ಎಂದೆ.

"ಹೆದರತಾರ ಅಂತ ನಿಮಗ ಯಾರು ಹೇಳಿದ್ರು? ಅವರ ಹೇಳಿದ್ರೋ, ಅವರ ಮನಿ ಗಂಡಸರು ಹೇಳಿದ್ರೋ?"

 ಅವರು ಅಲ್ಲಿಯೇ ನನಗೊಂದು ಕೆಲಸ ಹಚ್ಚಿದರು. ಗಜೇಂದ್ರಗಡದ ಸುತ್ತಲಿನ ಎರಡು ಮೂರು ಹಳ್ಳಿ ಹಿಡಿದು ಒಂದು ಮನೆಯನ್ನೂ ಬಿಡದೆ ಹೋಗಬೇಕು. ಯಾರಿಗೆ ಕಾಣುವುದಿಲ್ಲ, ಎಷ್ಟು ದಿನದಿಂದ, ಶಿಬಿರಕ್ಕೆ ಯಾಕೆ ಬರಲಿಲ್ಲ ಎಂದು ಬರೆದುಕೊಳ್ಳಬೇಕು. "ಅಂದಾಜು ಬ್ಯಾಡ. ಯಾದಿ ಬೇಕು. ಯಾದಿ ಕೊಡ್ರಿ, ನಾನ ಅಲ್ಲಿಗೆ ಬರತೀನಿ" ಎಂದರು. ಹೌದ್ರಿ ಎಂದೆನಾದರೂ ಒಳಗೊಳಗೆ ಸಿಟ್ಟು ಬಂದಿತ್ತು. ಹೆರಿಗೆ, ಸಿಡುಬಿಗೆ ದೇವಿ ಹಾಕುವುದು, ದವಾಖಾನೆಯ ಗಾಯ ತೊಳೆಯುವುದು ಎಲ್ಲ ಮುಗಿಸಿ ನಾನು ಮನೆ ಮನೆ ತಿರುಗಬೇಕಿತ್ತು.

ಮೊದಲು ರಾಜೂರಿಗೆ ಹೋದೆ. ಡಾಕ್ಟರು ಅಳೆದು ಕೊಟ್ಟ ಒಂದು ಹಗ್ಗವಿತ್ತು. ಅದರ ಒಂದು ತುದಿಯಲ್ಲಿ ಮನೆಯವರನ್ನು ನಿಲ್ಲಿಸಿ, ಇನ್ನೊಂದು ತುದಿಯಲ್ಲಿ ನಾನು ನಿಂತು ಬೆರಳು ತೋರಿಸಿ ಎಷ್ಟು ಎಂದು ಕೇಳಬೇಕು. ಕಟ್ಟೆಯ ಮೇಲೆ ಕೂತ ಗಂಡಸರಿಗೆ ಅದೊಂದು ಆಟವಾಯಿತು. ಒಬ್ಬರಾದ ಮೇಲೊಬ್ಬರು ಎದ್ದು ಬಂದು ಎಣಿಸಿದರು. ಮನೆಯ ಹೆಂಗಸರ ಬಗ್ಗೆ ಕೇಳಿದರೆ, "ನಮ್ಮನ್ಯಾಗ ಕುರುಡರು ಯಾರೂ ಇಲ್ರಿ, ಮುಂದಿನ ಮನಿ ನೋಡ್ರಿ" ಎಂದು ಬೈಗುಳ ಕೇಳಿದವರ ಹಾಗೆ ಮುಖ ತಿರುಗಿಸುತ್ತಿದ್ದರು. ಪುರ್ತಗೇರಿಯಲ್ಲೂ ಅದೇ. ಇಪ್ಪತ್ತು ದಿನ ಬಿಸಿಲಲ್ಲಿ ತಿರುಗಿ ಬರೆದ ಯಾದಿಯನ್ನು ಟಪಾಲಿನಲ್ಲಿ ಕಳಿಸಿದೆ. ಅದು ಹಾಗೆಯೇ ತಿರುಗಿ ಬಂತು. ಮೊದಲ ಹಾಳೆಯ ಮೇಲೆ ಕೆಂಪು ಪೆನ್ಸಿಲಿನಲ್ಲಿ ಒಂದೇ ಮಾತು: "ಇದರಾಗೂ ಹೆಂಗಸರಿಲ್ಲ."

ಆ ಹಾಳೆ ಹರಿದು ಹಾಕಬೇಕೆನಿಸಿತು. ಅದನ್ನೇ ಚೀಲದಲ್ಲಿಟ್ಟುಕೊಂಡು ಮುಶಿಗೇರಿಗೆ ಹೋದೆ.

ಮುಶಿಗೇರಿಯಲ್ಲಿ ಒಬ್ಬ ಸೂಲಗಿತ್ತಿ ಇದ್ದಳು. ಅರವತ್ತು ದಾಟಿದ ಗಟ್ಟಿ ಹೆಂಗಸು. ಹೆರಿಗೆಯ ವಿಷಯದಲ್ಲಿ ನನಗೂ ಅವಳಿಗೂ ಅಷ್ಟಕ್ಕಷ್ಟೆ. ಹೊಕ್ಕಳಬಳ್ಳಿ ಕೊಯ್ಯುವ ಅವಳ ಕುಡುಗೋಲನ್ನು ನಾನು ಬೈಯುತ್ತಿದ್ದೆ, ನನ್ನ ಪೆಟ್ಟಿಗೆಯನ್ನು ಅವಳು ಆಡಿಕೊಳ್ಳುತ್ತಿದ್ದಳು. ಅಂದು ನಾನು ಹಗ್ಗ ಹಿಡಿದು ಕಟ್ಟೆಯ ಮುಂದೆ ನಿಂತದ್ದನ್ನು ನೋಡಿ ಅವಳಿಗೆ ನಗು ತಡೆಯಲಾಗಲಿಲ್ಲ.

"ಏನ್ ನಡಸೀರಿ ಬಾಯಾರ? ಗಂಡಸರನ್ನ ಕೇಳಿ ಹೆಂಗಸರ ಕಣ್ಣ ಬರಕೋತೀರೇನ? ಹಂಗ ಕೇಳ್ಕೋಂತ ಹೋದ್ರ ಈ ಊರಾಗ ಒಬ್ಬ ಬಸರಿನೂ ಸಿಗೂದಿಲ್ಲ ನಿಮಗ."

"ಮತ್ತ ಹ್ಯಾಂಗ ಕೇಳಬೇಕು, ನೀನ ಹೇಳು" ಎಂದು ರೇಗಿದೆ.

"ಮೊದಲ ಆ ಹಗ್ಗಾ ಚೀಲದಾಗ ಹಾಕ್ರಿ. ಹಿತ್ತಲ ಬಾಗಲಕ ಬರ್ರಿ."

ಹೀಗೆ ನಮ್ಮ ಕೆಲಸ ಶುರುವಾಯಿತು. ಮಧ್ಯಾಹ್ನ ಗಂಡಸರು ಹೊಲದಲ್ಲಿದ್ದಾಗ ಯಾರದಾದರೂ ಹಿತ್ತಲಲ್ಲಿ ಐದಾರು ಹೆಂಗಸರು ಜೋಳ ಹಸನು ಮಾಡುತ್ತ ಕೂತಿರುತ್ತಿದ್ದರು. ನಾವೂ ಮೊರ ಹಿಡಿದು ಕೂರುತ್ತಿದ್ದೆವು. "ಕಣ್ಣು ಕಾಣತಾವ?" ಎಂದು ಸೂಲಗಿತ್ತಿ ಒಮ್ಮೆಯೂ ಕೇಳಲಿಲ್ಲ. "ಯವ್ವಾ, ನಿಮ್ಮತ್ತಿ ಜ್ವಾಳ ಹಸನ ಮಾಡೂದು ಬಿಟ್ಟು ಎಷ್ಟ ದಿನಾತು?" ಎನ್ನುವಳು. "ನೀರಿಗೆ ಹೋದಾಗ ಮುಂದ ನಡೀತಿಯೋ ಹಿಂದ ನಡೀತಿಯೋ?" ಎನ್ನುವಳು. ಸೂಜಿಗೆ ದಾರ ಪೋಣಿಸಲು ಬರುತ್ತದೆಯೇ ಎಂಬುದು ನಾನು ಸೇರಿಸಿದ ಪ್ರಶ್ನೆ. ಅದನ್ನು ಅಲ್ಲಿ ಕೂತ ಒಬ್ಬಾಕೆ ತಳ್ಳಿಹಾಕಿದಳು.

"ಸೂಜಿ ಬಿಡ್ರಿ ಬಾಯಾರ. ನಲವತ್ತರ ಮ್ಯಾಲ ಅದು ಯಾರಿಗೂ ಆಗೂದಿಲ್ಲ. ರೊಟ್ಟಿ ಹೊತ್ತಿದ್ದು ಕಣ್ಣಿಲೆ ಗೊತ್ತಾಗತೈತೋ ವಾಸನಿಲೆ ಗೊತ್ತಾಗತೈತೋ, ಅದನ್ನ ಕೇಳ್ರಿ."

ಅದನ್ನೇ ಕೇಳಿದೆವು. ಯಾದಿ ಬರೆಯುವ ಪುಸ್ತಕ ತುಂಬತೊಡಗಿತು. ರಾಜೂರಿಗೂ ಪುರ್ತಗೇರಿಗೂ ಸೂಲಗಿತ್ತಿಯನ್ನು ಕರೆದುಕೊಂಡು ಮತ್ತೊಮ್ಮೆ ಹೋದೆ. ಯಾರೂ ಇಲ್ಲವೆಂದು ಮೊದಲು ಹೇಳಿದ ಎಷ್ಟೋ ಮನೆಗಳಲ್ಲಿ ಈಗ ಒಬ್ಬರಿಲ್ಲ ಒಬ್ಬರು ಸಿಕ್ಕರು.

ಮುಶಿಗೇರಿಯ ಒಂದು ಮನೆಯನ್ನು ಮರೆಯಲಾರೆ. ಒಳ್ಳೆಯ ಕಪ್ಪು ಮಣ್ಣಿನ ಎರಿ ಹೊಲವಿದ್ದ ಮನೆ. ಅದರ ಯಜಮಾನರು ನರಗುಂದದಲ್ಲಿ ಪೊರೆ ತೆಗೆಸಿಕೊಂಡವರು. ನಾನೇ ಅವರಿಗೆ ಗಂಜಿ ಕುಡಿಸಿದ್ದೆ. ಈಗ ದಪ್ಪ ಗಾಜಿನ ಕನ್ನಡಕ ಹಾಕಿಕೊಂಡು ಕಟ್ಟೆಯ ಮೇಲೆ ಕೂತು, "ನಮ್ಮನ್ಯಾಗ ಎಲ್ಲಾ ಚಲೋ ಅದಾವ್ರಿ" ಎಂದಿದ್ದರು. ಹಿತ್ತಲಿನಿಂದ ಹೋದಾಗ ಅವರ ಹೆಂಡತಿ ಒಲೆಯ ಮುಂದಿದ್ದರು. ರೊಟ್ಟಿ ಬಡಿಯುವ ಸದ್ದಿನಲ್ಲಿ ಒಂದಿಷ್ಟೂ ತಪ್ಪಿರಲಿಲ್ಲ. ಬಡಿಯುತ್ತಿದ್ದ ರೊಟ್ಟಿಯ ಅಂಚನ್ನು ಆಗಾಗ ಬೆರಳಿನಿಂದ ಸುತ್ತ ಸವರಿ ನೋಡುತ್ತಿದ್ದರು, ಅಷ್ಟೇ. ಸೂಲಗಿತ್ತಿ ರೊಟ್ಟಿಯ ಪ್ರಶ್ನೆ ಕೇಳಿದಳು. ಆಕೆ ಕೈ ನಿಲ್ಲಿಸಿದರು.

"ಮೂರು ಸುಗ್ಗಿ ಆತ್ರಿ. ಬೆಳಕು ಕತ್ತಲಿ ಅಷ್ಟ ಗೊತ್ತಾಗತೈತಿ."

"ಮನ್ಯಾಗ ಹೇಳಿಲ್ಲೇನ್ರಿ?"

"ಹೇಳಿ ಏನ್ ಮಾಡೂದೈತ್ರಿ? ಅಡಗಿಮನಿ ನನಗ ಗೊತ್ತೈತಿ. ಒಂದ ತ್ರಾಸ. ಬಯಲಕಡಿಗೆ ಹೋಗಾಕ ಸೊಸಿ ಕೈ ಹಿಡೀಬೇಕು. ಆಕಿಗೂ ಕೆಲಸಾ ಇರತಾವಲಾ. ಅದಕ್ಕ ನಾ ಮಧ್ಯಾಹ್ನ ಉಣ್ಣೂದ ಬಿಟ್ಟೀನಿ. ನೀರೂ ಭಾಳ ಕುಡಿಯೂದಿಲ್ಲ."

ಡಾಕ್ಟರು ಕೊಟ್ಟ ಪುಸ್ತಕದಲ್ಲಿ ಅದನ್ನು ಬರೆಯಲು ಜಾಗವಿರಲಿಲ್ಲ. ಅಂಚಿನಲ್ಲಿ ಬರೆದೆ.

ಶಿಬಿರಕ್ಕೆ ಯಾಕೆ ಬರಲಿಲ್ಲ ಎಂಬುದಕ್ಕೆ, ಕತ್ತರಿಗೆ ಹೆದರಿ ಎಂದವರು ಕೆಲವೇ ಮಂದಿ. ಉಳಿದವರಿಗೆ ಬೇರೆಯೇ ಅಡಚಣೆಗಳಿದ್ದವು. ನರಗುಂದಕ್ಕೆ ಹೋಗಬೇಕೆಂದರೆ ಚಕ್ಕಡಿಯಲ್ಲಿ ಗಜೇಂದ್ರಗಡ, ಅಲ್ಲಿಂದ ರೋಣ, ರೋಣದಲ್ಲಿ ಮತ್ತೆ ಮೋಟಾರು ಬದಲಿಸಬೇಕು. ಶಿಬಿರವಿಟ್ಟದ್ದು ಸರಿಯಾಗಿ ಸುಗ್ಗಿಯಲ್ಲಿ. ತೆರೆದ ಪಡಸಾಲೆಯಲ್ಲಿ ಪರಗಂಡಸರ ಸಾಲಿನ ಪಕ್ಕ ಅಷ್ಟು ದಿನ ಅಂಗಾತ ಮಲಗುವುದು ಹೇಗೆ? ಜೊತೆಗೆ ಒಬ್ಬ ಹೆಂಗಸು ಬೇಕು, ಅವಳೂ ಬಂದರೆ ಮನೆಯಲ್ಲಿ ರೊಟ್ಟಿ ಯಾರು ಬಡಿಯಬೇಕು?

ಯಾದಿ ನೋಡಿ ಡಾಕ್ಟರು ಖುಷಿಯಾದರು. ಹಳ್ಳಿಯಲ್ಲಿಯೇ ಶಿಬಿರ, ಸುಗ್ಗಿಗಿಂತ ಮೊದಲು, ಹೆಂಗಸರಿಗೆ ಬೇರೆ ಜಾಗ, ಜೊತೆಗೆ ಬರುವವಳಿಗೂ ಊಟ ಎಂದು ಒಂದು ಅರ್ಜಿ ಬರೆದು, ಯಾದಿಯ ಜೊತೆ ಮೇಲಿನ ಕಚೇರಿಗೆ ಕಳಿಸಿದರು. ಮಳೆಗಾಲ ಮುಗಿಯುವ ಹೊತ್ತಿಗೆ ಉತ್ತರ ಬಂತು. ನರಗುಂದದ ಶಿಬಿರಕ್ಕೆ ಹೆಂಗಸರು ಬಂದದ್ದು ತೀರ ಕಡಿಮೆಯಾದ್ದರಿಂದ ಅವರಿಗೆ ಬೇರೆ ವ್ಯವಸ್ಥೆಯ ಅಗತ್ಯ ಕಾಣುವುದಿಲ್ಲ ಎಂದಿತ್ತು. ನಾನು ಅದನ್ನು ಮೂರು ಸಲ ಓದಿದೆ. ಯಾಕೆ ಬರುವುದಿಲ್ಲ ಎಂದು ನಾಲ್ಕು ತಿಂಗಳು ತಿರುಗಿ ಬರೆದು ಕೊಟ್ಟರೆ, ಬರುವುದಿಲ್ಲವಲ್ಲ ಎಂದು ನಮಗೇ ಹೇಳುತ್ತಿದ್ದರು.

ಅಷ್ಟರಲ್ಲಿ ಕನ್ನಡ ನಾಡು ಒಂದಾಯಿತು. ನಾವು ಮುಂಬಯಿ ರಾಜ್ಯ ಬಿಟ್ಟು ಮೈಸೂರಿಗೆ ಸೇರಿದೆವು. ಪೇಟೆಯಲ್ಲಿ ಪೇಢೆ ಹಂಚಿದರು, ನಾನೂ ತಿಂದೆ. ಹೊಸ ಕಚೇರಿಯಿಂದ ಬಂದ ಮೊದಲ ಪತ್ರ ಕನ್ನಡದಲ್ಲಿತ್ತು. ಅದೇ ಸಂತೋಷದಲ್ಲಿ ಓದತೊಡಗಿದೆ. ಹಳೆಯ ಕಾಗದಪತ್ರಗಳು ತಮ್ಮಲ್ಲಿಗೆ ಬಂದಿಲ್ಲ, ಎಲ್ಲವನ್ನೂ ಹೊಸ ನಮೂನೆಯಲ್ಲಿ ಮತ್ತೆ ಬರೆದು ಕಳಿಸಬೇಕು ಎಂದಿತ್ತು. ಹೊಸ ನಮೂನೆಯಲ್ಲಿ ಎರಡೇ ಕಾಲಮು: ಮನೆಯ ಯಜಮಾನನ ಹೆಸರು, ಕುರುಡರ ಸಂಖ್ಯೆ. ರೊಟ್ಟಿ, ಸುಗ್ಗಿ, ಸೊಸೆಯ ಕೈ ಯಾವುದಕ್ಕೂ ಅದರಲ್ಲಿ ಎಡೆಯಿಲ್ಲ. ಆದರೂ ಬರೆದು ಕಳಿಸಿದೆ. ಉತ್ತರ ಬರಲಿಲ್ಲ.

ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಒಬ್ಬ ಹೆಂಗಸಿದ್ದಳು. ನನಗಿಂತ ಹತ್ತು ವರ್ಷ ದೊಡ್ಡವಳಿರಬೇಕು. ಗಂಡ ಮಗ್ಗದಲ್ಲಿ ಸೀರೆ ನೇಯುತ್ತಿದ್ದ, ಇವಳು ರಾಟೆಯ ಮುಂದೆ ಕೂತು ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಎರಡೂ ಕಣ್ಣಿಗೆ ಪೊರೆ; ಬಲಗಣ್ಣು ಪೂರ್ತಿ ಮಂಜಾಗಿತ್ತು. ಎಳೆ ತುಂಡಾದರೆ ತುದಿ ಸಿಗುತ್ತಿರಲಿಲ್ಲ. ಹಳ್ಳಿಯವಳಲ್ಲದಿದ್ದರೂ ಅವಳ ಹೆಸರನ್ನು ನನ್ನ ಯಾದಿಗೆ ಸೇರಿಸಿದ್ದೆ. ಓಣಿಯಲ್ಲಿ ನನ್ನ ಚಪ್ಪಲಿಯ ಸದ್ದು ಕೇಳಿದರೆ ಸಾಕು, "ಯಾವಾಗ್ರೀ ಬಾಯಾರ?" ಎಂದು ಒಳಗಿಂದಲೇ ಕೂಗುತ್ತಿದ್ದಳು. "ದೀಪಾವಳಿ ಮುಂದ" ಎನ್ನುತ್ತಿದ್ದೆ. ದೀಪಾವಳಿ ಹೋಯಿತು. "ಸಂಕ್ರಮಣದ ಒಳಗ" ಎಂದೆ. ಆಮೇಲೆ ಆ ಓಣಿ ತಪ್ಪಿಸಿ ಹಿಂದಿನ ಹಾದಿಯಿಂದ ಹೋಗತೊಡಗಿದೆ.

ಆ ಚಳಿಗಾಲದಲ್ಲಿ ಊರೂರು ತಿರುಗುತ್ತ ಸೂಜಿಯಿಂದ ಪೊರೆ ಇಳಿಸುವವನೊಬ್ಬ ಬಂದ. ಇಂಥವರು ಪೊರೆಯನ್ನು ತೆಗೆಯುವುದಿಲ್ಲ. ಸೂಜಿ ಚುಚ್ಚಿ ಕಣ್ಣಿನೊಳಗೇ ಕೆಳಗೆ ತಳ್ಳಿಬಿಡುತ್ತಾರೆ. ಆ ಕ್ಷಣಕ್ಕೆ ಕಾಣುತ್ತದೆ. ಅವನು ಬಂದದ್ದು ನನಗೆ ಗೊತ್ತಾಗುವಷ್ಟರಲ್ಲಿ ಅವಳು ದವಾಖಾನೆಯ ಬಾಗಿಲಲ್ಲಿ ನಿಂತಿದ್ದಳು. ಬಲಗಣ್ಣು ಕೆಂಪಗಿತ್ತು, ಮುಖದ ತುಂಬ ನಗು.

"ನಿಮ್ಮ ಸೀರಿ ದಡಿ ಹಸರ ಐತ್ರಿ ಬಾಯಾರ!"

ಅವಳನ್ನು ಕೂಡಲೇ ಒಳಗೆ ಕೂರಿಸಿ, ಆ ಕಣ್ಣನ್ನು ತೊಳೆದು ಮುಲಾಮು ಹಚ್ಚಿದೆ. ಒಂಬತ್ತನೆಯ ದಿನಕ್ಕೆ ಕೀವು ತುಂಬಿತು. ಅವಳನ್ನೂ ಅವಳ ಗಂಡನನ್ನೂ ಮೋಟಾರಿನಲ್ಲಿ ಕೂರಿಸಿಕೊಂಡು ಡಾಕ್ಟರ ದೊಡ್ಡ ದವಾಖಾನೆಗೆ ಹೋದೆ. ಕಣ್ಣು ಉಳಿಯಲಿಲ್ಲ, ತೆಗೆದೇ ಹಾಕಬೇಕಾಯಿತು. ತಿರುಗಿ ಬರುವಾಗ ರೋಣದ ನಿಲ್ದಾಣದಲ್ಲಿ ಮೋಟಾರಿಗೆ ಕಾಯುತ್ತ ಕೂತಿದ್ದೆವು. ಆ ಸೂಜಿಯವನ ಹತ್ತಿರ ಯಾಕೆ ಹೋದೆ, ನನ್ನನ್ನು ಒಂದು ಮಾತು ಕೇಳಬಾರದಿತ್ತೇ ಎಂದು ಸಿಟ್ಟಿನಿಂದಲೇ ಕೇಳಿದೆ. ಅವಳು ಸಿಟ್ಟಾಗಲಿಲ್ಲ.

"ನೀವು ಬಂದ್ರಿ, ಬರಕೊಂಡ್ರಿ, ಹೋದ್ರಿ. ಅಂವ ಬಂದು ಕಣ್ಣ ಮುಟ್ಟಿದ್ನಲ್ರಿ."

ಮನೆಗೆ ಬಂದವಳೇ ಪುಸ್ತಕವನ್ನು ಟ್ರಂಕಿನಲ್ಲಿ ಹಾಕಿ ಬೀಗ ಹಾಕಿದೆ. ಆ ಸೂಜಿಯವನ ಮೇಲೆ, ಕಚೇರಿಯ ಮೇಲೆ, ಡಾಕ್ಟರ ಮೇಲೆ, ಎಲ್ಲರ ಮೇಲೂ ಸಿಟ್ಟಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಮೇಲೆ. ಅಷ್ಟು ಮನೆಗಳಿಗೆ ಹೋಗಿ ಆಸೆ ಹುಟ್ಟಿಸಿದವಳು ನಾನೇ ಅಲ್ಲವೇ? ಕೇಳದೆ ಇದ್ದಿದ್ದರೆ ಅವಳು ಮಂಜುಗಣ್ಣಿನಲ್ಲಿಯೇ ಇನ್ನಷ್ಟು ದಿನ ನೂಲು ಸುತ್ತುತ್ತಿದ್ದಳು.

ನಾನು ಎರಡು ವಾರ ಹಳ್ಳಿ ಕಡೆ ಹೋಗದೆ ಇದ್ದುದನ್ನು ನೋಡಿ ಸೂಲಗಿತ್ತಿಯೇ ಹುಡುಕಿಕೊಂಡು ಬಂದಳು. ಎಲ್ಲ ಕೇಳಿದಳು.

"ಬುಕ್ಕ ಟ್ರಂಕಿನ್ಯಾಗ ಇಟ್ರ ಅವರ ಕಣ್ಣ ಬರತಾವೇನ್ರಿ? ಆ ಕಚೇರಿ ಬಿಡ್ರಿ ಅತ್ತಾಗ. ಯಜಮಾನ್ರ ಕಡೆ ಹೋಗೂಣ ನಡೀರಿ."

ಮರುದಿನ ಇಬ್ಬರೂ ಮುಶಿಗೇರಿಯ ಆ ಎರಿ ಹೊಲದ ಮನೆಗೆ ಹೋದೆವು. ಈ ಸಲ ಮುಂಬಾಗಿಲಿನಿಂದಲೇ. ಅದಕ್ಕೂ ಮೊದಲು ಸೂಲಗಿತ್ತಿ ಹಿತ್ತಲಿನಿಂದ ಹೋಗಿ, ಗಂಡನಿಗೆ ಹೇಳಲೇ ಎಂದು ಮನೆಯೊಡತಿಯನ್ನು ಕೇಳಿ ಬಂದಿದ್ದಳು. ಯಜಮಾನರು ಕಟ್ಟೆಯ ಮೇಲಿದ್ದರು.

"ನಿಮ್ಮನ್ಯಾಗ ಕಣ್ಣ ಕಾಣದವರು ಒಬ್ಬರು ಅದಾರ್ರಿ" ಎಂದೆ.

"ಯಾರ್ರಿ ಅದು?"

"ನಿಮ್ಮ ಮನಿಯವರು."

ಅವರು ನಕ್ಕುಬಿಟ್ಟರು. "ಆಕಿ ದಿನಾ ರೊಟ್ಟಿ ಮಾಡಿ ಹಾಕ್ತಾಳ್ರಿ ನಮಗೆಲ್ಲಾ."

"ಕಣ್ಣಿಲೆ ಮಾಡೂದಿಲ್ರಿ. ಕೈಲೆ ಮಾಡ್ತಾರ."

ಅವರು ಒಳಗೆ ಕೂಗಿದರು. ಹೆಂಡತಿ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತರು. ಯಜಮಾನರು ಮಾತಾಡದೆ ಕೈಯೆತ್ತಿ ಮೂರು ಬೆರಳು ತೋರಿಸಿದರು.  ಆಕೆ, "ಯಾಕ ಕರದ್ರಿ? ಉಣ್ಣಾಕ ಹಾಕಲೇನು?" ಎಂದು ಕೇಳಿದರು.

ಯಜಮಾನರ ಕೈ ನಿಧಾನವಾಗಿ ಕೆಳಗಿಳಿಯಿತು.

"ನನಗ್ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ಲ. ನೀವು ನರಗುಂದಕ್ಕ ಹೋಗೂಮುಂದ ನನಗೂ ಹಿಂಗಾ ಆಗಿತ್ತು. ಇಬ್ಬರೂ ಹೋದ್ರ ದನಾ ಕರಾ ಯಾರು ನೋಡಬೇಕಿತ್ತು?"

ಅವರನ್ನು ಬೈಯಬೇಕೆಂದೇ ನಾನು ಹೋಗಿದ್ದೆ. ಬೈಯಲಾಗಲಿಲ್ಲ. ಯಾಕೆಂದರೆ ಅಲ್ಲಿ ನಿಂತಾಗಲೇ ನನಗೆ ನನ್ನ ಮನೆ ನೆನಪಾಯಿತು. ಮೊದಲ ಪಗಾರ ಬಂದಾಗ ನಾನು ಅಪ್ಪನನ್ನು ಹುಬ್ಬಳ್ಳಿಗೆ ಕರೆದೊಯ್ದು ಕನ್ನಡಕ ಮಾಡಿಸಿದ್ದೆ. ಪುರಾಣ ಓದಲು ಬೇಕೆಂದಿದ್ದರು. ಅವ್ವ ಅಕ್ಕಿ ಆರಿಸುವುದನ್ನು ನಿಲ್ಲಿಸಿದಾಗ, "ಅವ್ವಗ ವಯಸ್ಸಾತು" ಎಂದು ನಾನೇ ಹೇಳಿದ್ದೆ. ನರ್ಸಿನ ಕೆಲಸ ಕಲಿತು ಬಂದವಳು ನಾನು.

ಯಜಮಾನರು ಅಂದೇ ಪಂಚರನ್ನು ಕರೆದು ಶಾಲೆಯನ್ನು ಹದಿನೈದು ದಿನ ಬಿಡಿಸಿಕೊಟ್ಟರು. ರಾಜೂರಿಗೂ ಪುರ್ತಗೇರಿಗೂ ಚಕ್ಕಡಿ ಕಳಿಸುವ ಜವಾಬುದಾರಿ ಹೊತ್ತರು. ನಾನು ಡಾಕ್ಟರಿಗೆ ಬರೆದೆ. ಸುಗ್ಗಿ ಮುಗಿದ ಮೇಲೆ, ಬಿಸಿಲು ಏರುವ ಮೊದಲು ಅವರು ತಮ್ಮ ಪೆಟ್ಟಿಗೆ ಹೊತ್ತುಕೊಂಡು ಮುಶಿಗೇರಿಗೆ ಬಂದಿಳಿದರು.

"ಕಚೇರಿ ಅಪ್ಪಣಿ ಬಂತೇನ್ರಿ ಸರ್?" ಎಂದೆ.

"ಅಪ್ಪಣಿ ಬಂದಿಲ್ಲ. ರಜಾ ಹಾಕಿ ಬಂದೀನಿ" ಎಂದರು.

ಶಾಲೆಯ ಗೋಡೆಗೆ ಸುಣ್ಣ ಬಳಿದು, ನೆಲವನ್ನು ಎರಡೆರಡು ಸಲ ತೊಳೆದೆವು. ಸ್ಟೋವಿನ ಮೇಲೆ ಕತ್ತರಿ, ಸೂಜಿ ಕುದಿಸಿದೆವು. ಹೆಂಗಸರು ಬಂದರು, ಬರುವುದಿಲ್ಲವೆಂದು ಎಲ್ಲರೂ ಬರೆದ ಹೆಂಗಸರೇ ಗೋಣಿತಟ್ಟು, ಕೌದಿ, ಜೊತೆಗೊಬ್ಬ ಮಗಳು ಅಥವಾ ಓರಗಿತ್ತಿಯೊಂದಿಗೆ ಬಂದು ಜಾಗ ಸಾಲದಂತೆ ತುಂಬಿದರು. ಸೂಲಗಿತ್ತಿ ಬಾಗಿಲಲ್ಲಿ ಕೂತು, ಒಳಗೆ ಯಾವ ಗಂಡಸೂ ಹಣಿಕಿ ಹಾಕದ ಹಾಗೆ ಕಾದಳು.

ಆದರೆ ಯಾದಿಯಲ್ಲಿದ್ದ ಎಲ್ಲರಿಗೂ ಉಪಯೋಗವಾಗಲಿಲ್ಲ. ಕೆಲವರದು ಪೊರೆಯಲ್ಲ. ಸಣ್ಣವರಿದ್ದಾಗ ಕಣ್ಣು ಬಂದು, ರೆಪ್ಪೆ ಒಳಮಡಚಿ, ಕೂದಲು ಉಜ್ಜಿ ಉಜ್ಜಿ ಕಣ್ಣಿನ ಕಪ್ಪು ಭಾಗ ಬೆಳ್ಳಗಾಗಿತ್ತು. ರಾಜೂರಿನ ಒಬ್ಬಳಿಗೆ ಇನ್ನೂ ಮೂವತ್ತೂ ಆಗಿರಲಿಲ್ಲ. ಡಾಕ್ಟರು ಅವಳ ರೆಪ್ಪೆ ಬಿಡಿಸಿ ನೋಡಿ, "ಮೊದಲ ಮುಲಾಮು ಹಚ್ಚಿದ್ರ ಸಾಕಿತ್ತು" ಎಂದು ನನಗೆ ಮಾತ್ರ ಕೇಳುವಂತೆ ಹೇಳಿದರು. ಬಂದ ಚಕ್ಕಡಿಯಲ್ಲೇ ಅವಳನ್ನು ತಿರುಗಿ ಕಳಿಸುವಾಗ ಏನು ಹೇಳಬೇಕೆಂದು ತಿಳಿಯದೆ, ಬುತ್ತಿ ಕಟ್ಟಿಕೊಟ್ಟೆ.

ಯಜಮಾನರ ಹೆಂಡತಿಗೆ ಒಂದು ಕಣ್ಣು ಚೆನ್ನಾಗಿ ಕಾಣತೊಡಗಿತು. ಪಟ್ಟಿ ಬಿಚ್ಚಿ ಕೆಲ ದಿನಗಳಾದ ಮೇಲೆ ಒಂದು ಬೆಳಿಗ್ಗೆ ಆಕೆ ತಂಬಿಗೆ ಹಿಡಿದು ಒಬ್ಬರೇ ಹೊರಟರು. ಸೊಸೆ ಕೈ ಕೊಡಲು ಹೋದರೆ, "ನೀ ನಿನ್ನ ಕೆಲಸಾ ನೋಡವ್ವ" ಎಂದರು. ಮಧ್ಯಾಹ್ನ ಎರಡು ರೊಟ್ಟಿ ಉಂಡರು. ಕಂಡು ನನಗೆ ಅಳು ಬಂತು.

ಕಚೇರಿಯಿಂದ ಎರಡು ಪತ್ರ ಬಂದವು. ಮೊದಲನೆಯದು ಅಪ್ಪಣೆಯಿಲ್ಲದೆ ಶಿಬಿರ ನಡೆಸಿದ್ದಕ್ಕೆ ಕಾರಣ ಕೇಳಿತ್ತು. ಎರಡನೆಯದು, ಹೆಂಗಸರು ಚೆನ್ನಾಗಿ ಬಂದಿದ್ದರೆಂದು ತಿಳಿದಿದೆ, ವರದಿಯಲ್ಲಿ ಸೇರಿಸಲು ಅವರ ಸಂಖ್ಯೆಯನ್ನು ಕೂಡಲೇ ಕಳಿಸಬೇಕು ಎಂದಿತ್ತು. ಸಂಖ್ಯೆ ಕಳಿಸಿದೆ. ಜೊತೆಗೆ, ಹಿತ್ತಲಿಗೆ ಹೋಗಿ ಕೇಳಿದ ರೀತಿಯನ್ನೂ ಸೂಲಗಿತ್ತಿಯ ಕೆಲಸವನ್ನೂ ಎರಡು ಹಾಳೆಯಲ್ಲಿ ಬರೆದಿದ್ದೆ. ಮರುವರ್ಷ ಅಚ್ಚಾಗಿ ಬಂದ ಸೂಚನೆಯಲ್ಲಿ, ಕಣ್ಣಿನ ಮಾಹಿತಿಯನ್ನು ಮನೆಯ ಯಜಮಾನನಿಂದ ಪಡೆಯಬೇಕು ಎಂದೇ ಇತ್ತು.

ನೇಕಾರರ ಓಣಿಯ ಅವಳಿಗೆ ಮುಶಿಗೇರಿಯ ಶಿಬಿರದ ಸುದ್ದಿ ನಾನೇ ಹೋಗಿ ಹೇಳಿದ್ದೆ. ಎಡಗಣ್ಣಿನ ಪೊರೆ ತೆಗೆದರೆ ಖಂಡಿತ ಕಾಣುತ್ತಿತ್ತು. ಅವಳು ಒಪ್ಪಲಿಲ್ಲ. ಮರುವರ್ಷವೂ ಕೇಳಿದೆ. ಅದರ ಮರುವರ್ಷ ಡಾಕ್ಟರೇ ಅವಳ ಮನೆಗೆ ಬಂದು, ರಾಟೆಯ ಪಕ್ಕದಲ್ಲಿ ಕೂತು, ಆ ಸೂಜಿಗೂ ತಮ್ಮ ಕೆಲಸಕ್ಕೂ ಇರುವ ವ್ಯತ್ಯಾಸವನ್ನು ಬಿಡಿಸಿ ಹೇಳಿದರು. ಗಂಡನೂ ಮಗ್ಗದ ಕುಣಿಯಲ್ಲಿ ಕೂತಲ್ಲಿಂದಲೇ, "ಹೋಗು, ಒಮ್ಮಿ ತೋರಿಸ್ಕೊಂಡ ಬಾ" ಎಂದ.

ಅವಳು ಎಲ್ಲ ಕೇಳಿಸಿಕೊಂಡಳು. ನಮಗೆ ಚಹಾ ಕೊಟ್ಟಳು.

"ಇದೊಂದರಾಗ ಈಟು ಬೆಳಕ ಐತ್ರಿ ಸಾಹೇಬ್ರ. ಇದನ್ನ ಯಾರ ಕೈಯಾಗೂ ಕೊಡಾಂಗಿಲ್ಲ."

"ನನ್ನ ಮ್ಯಾಲ ಸಿಟ್ಟೇನು?" ಎಂದು ನಾನು ಕೇಳಿದೆ.

"ಇಲ್ರಿ ಬಾಯಾರ. ನೀವು ಭಾಳ ಸಲ ಬಂದೀರಿ" ಎಂದು, ನೂಲಿನ ತುದಿಯನ್ನು ಬೆರಳಲ್ಲಿ ಹುಡುಕುತ್ತ, ರಾಟೆಯ ಕಡೆ ತಿರುಗಿ ಕೂತಳು.